ಬೇಯಿಸಿದ ಆಲೂಗಡ್ಡೆಯ ಮಾನರಕ್ಷಣೆ

೧೯೯೮ನೆಯ ಇಸವಿ ಮಾರ್ಚ್ ಮೂರು, ಮಂಗಳವಾರ. ಬೆಳಗ್ಗೆ ಮೋಡ, ಮಧ್ಯಾಹ್ನ ಹನಿಮಳೆ, ಸಂಜೆ ಮತ್ತೆ ಮೋಡ. ಲಂಡನ್ನಿನ ವಾಯವ್ಯ ದಿಕ್ಕಿನ ಒಂದು ಕೌನ್ಸಿಲ್ಲು ಅಂದು ಸಭೆ ಸೇರಿ, ಇಂಗ್ಲಿಷ್ ಊಟಕ್ಕೆ ಲೋಕದಲ್ಲಿ ಕೆಟ್ಟ ಹೆಸರಿದೆ ಎಂಬುದನ್ನು ಸರ್ವಾನುಮತದಿಂದ ಒಪ್ಪಿಕೊಂಡಿತು. ತಪ್ಪು ಊಟದ್ದಲ್ಲ, ಹೆಸರಿನದು ಎಂಬುದನ್ನೂ ಅಷ್ಟೇ ಸರ್ವಾನುಮತದಿಂದ ಒಪ್ಪಿಕೊಂಡಿತು. ಆಮೇಲೆ ಸದಸ್ಯರೆಲ್ಲರೂ ಎದುರು ರಸ್ತೆಯ ಇಂಡಿಯನ್ ಕರಿ ಹೋಟೆಲಿಗೆ ಊಟಕ್ಕೆ ಹೋದರು.

ಈ ಠರಾವಿಗೆ ಕಾರಣವಿತ್ತು. ಕೌನ್ಸಿಲ್ಲಿನೊಡನೆ ಸ್ನೇಹದ ಒಪ್ಪಂದ ಮಾಡಿಕೊಂಡಿದ್ದ ಮೂರು ಪರದೇಶದ ಊರುಗಳಿಂದ ಫೆಬ್ರವರಿಯಲ್ಲಿ ನಿಯೋಗ ಬಂದಿತ್ತು. ಅವರಿಗೆ ಕಚೇರಿಯ ಕ್ಯಾಂಟೀನಿನಲ್ಲೇ ಊಟ ಹಾಕಿಸಲಾಯಿತು. ಅಂದಿನ ನಡಾವಳಿಯಲ್ಲಿ ಹೀಗಿದೆ: ‘ಜರ್ಮನ್ ಅತಿಥಿಗಳು ನೀರನ್ನು ಮೆಚ್ಚಿಕೊಂಡರು. ಇಟಲಿಯ ಅತಿಥಿಗಳು ತಾಯಿಗೆ ಫೋನ್ ಮಾಡಲು ಅನುಮತಿ ಕೇಳಿದರು. ಫ್ರೆಂಚ್ ಅತಿಥಿಗಳು ಏನೂ ಹೇಳಲಿಲ್ಲ.’ ಕೌನ್ಸಿಲ್ಲಿಗೆ ನೋವಾದದ್ದು ಈ ಕೊನೆಯ ವಾಕ್ಯದಿಂದ.

ಠರಾವಿನ ಮೇರೆಗೆ ‘ಊಟದ ಗೌರವ ಘಟಕ’ ಎಂಬುದು ಹುಟ್ಟಿತು. ಕ್ಲೈವ್ ಪೆಂಬರ್ಟನ್ ಅದರ ಮುಖ್ಯಸ್ಥರಾದರು. ಅದಕ್ಕೆ ಮುಂಚೆ ಅವರು ವಾಹನ ನಿಲುಗಡೆಯ ದಂಡ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಜನರಿಗೆ ಬೇಡವಾದದ್ದನ್ನು ಜನರಿಗೇ ಒಪ್ಪಿಸುವುದರಲ್ಲಿ ಅವರಿಗಿದ್ದಷ್ಟು ಅನುಭವ ಆ ಕಟ್ಟಡದಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಘಟಕಕ್ಕೆ ಒಬ್ಬ ಪರೀಕ್ಷಕ ಬೇಕಾಗಿತ್ತು. ಪರೀಕ್ಷಕ ಪೂರ್ವಗ್ರಹವಿಲ್ಲದವನಾಗಿರಬೇಕು ಎಂಬುದು ನಿಯಮ. ಇಂಗ್ಲಿಷ್ ನೌಕರರನ್ನು ಕರೆದು ಕೇಳಿದರೆ ಅವರೆಲ್ಲ ಈ ಊಟವನ್ನು ಚಿಕ್ಕಂದಿನಿಂದ ಉಂಡವರು. ಹಾಗಾಗಿ ಅವರ ಮನಸ್ಸು ಮೊದಲೇ ಕೆಟ್ಟಿತ್ತು. ಹುಡುಕುತ್ತ ಹುಡುಕುತ್ತ ಕ್ಲೈವ್ ಸಾಹೇಬರು ನೆಲಮಾಳಿಗೆಯ ತೂಕ ಮತ್ತು ಅಳತೆ ವಿಭಾಗಕ್ಕೆ ಇಳಿದರು. ಅಲ್ಲಿ ನರಸಿಂಹಮೂರ್ತಿ ಮೊಸರನ್ನ ತಿನ್ನುತ್ತಿದ್ದರು.

ನರಸಿಂಹಮೂರ್ತಿ ಮೈಸೂರಿನವರು. ಕೆಂಟನ್ನಿನಲ್ಲಿ ಮನೆ, ಹೆಂಡತಿ ಕಾಮಾಕ್ಷಿ, ಪಿಯುಸಿಗೆ ಸಮನಾದ ಎ ಲೆವೆಲ್ ಓದುವ ಮಗಳು ಸ್ಮೃತಿ. ಹತ್ತೊಂಬತ್ತು ವರ್ಷದಿಂದ ಅಂಗಡಿಗಳ ತಕ್ಕಡಿ, ಪಬ್ಬುಗಳ ಅಳತೆ ಲೋಟ ಪರೀಕ್ಷಿಸಿಕೊಂಡು ಬಂದವರು. ಕಚೇರಿಯ ಪುನರ್‌ರಚನೆಯಲ್ಲಿ ಅವರ ಹುದ್ದೆ ಹೆಚ್ಚುವರಿ ಎಂದು ತೀರ್ಮಾನವಾಗಿತ್ತು. ಪೂರ್ತಿ ಪಿಂಚಣಿಗೆ ಇನ್ನೂ ಎರಡು ವರ್ಷ ಬೇಕು. ಜೂನ್ ಕೊನೆಗೆ ಮನೆಗೆ ಹೋಗಿ ಎಂದರೆ, ಐವತ್ತಮೂರರ ವಯಸ್ಸಿನಲ್ಲಿ ತಕ್ಕಡಿ ನೋಡುವುದೊಂದನ್ನೇ ಬಲ್ಲ ಮನುಷ್ಯನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ? ಈ ಚಿಂತೆಯನ್ನು ಅವರು ಹೆಂಡತಿಗೂ ಬಿಡಿಸಿ ಹೇಳಿರಲಿಲ್ಲ. ಅವಳಿಗೆ ತಾನಾಗಿ ಗೊತ್ತಿತ್ತು.

“ಮಿಸ್ಟರ್ ಮೂರ್ತಿ, ನೀವು ನಮ್ಮ ಕ್ಯಾಂಟೀನಿನಲ್ಲಿ ಊಟ ಮಾಡಿದ್ದೀರಾ?”

“ಇಲ್ಲ.”

“ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ?”

“ಟೀ ಕುಡಿದಿದ್ದೇನೆ. ಬಿಸ್ಕತ್ತು ತಿಂದಿದ್ದೇನೆ.”

“ಬಿಸ್ಕತ್ತಿನ ಬಗ್ಗೆ ವಿವಾದವಿಲ್ಲ. ಊಟ?”

“ನಾನು ಮಾಂಸ ತಿನ್ನುವುದಿಲ್ಲ, ಸರ್.”

“ಇನ್ನೂ ಒಳ್ಳೆಯದಾಯಿತು. ಮಾಂಸ ತಿನ್ನುವವರು ಗ್ರೇವಿಯ ಪ್ರಭಾವಕ್ಕೆ ಒಳಗಾಗುತ್ತಾರೆ.” ಕ್ಲೈವ್ ಸಾಹೇಬರು ಕೈಕುಲುಕಿದರು. “ಇಡೀ ಕಟ್ಟಡದಲ್ಲಿ ನಿಷ್ಪಕ್ಷಪಾತಿ ನೀವೊಬ್ಬರೇ.”

ಷರತ್ತುಗಳು ಸರಳವಾಗಿದ್ದವು. ಪರೀಕ್ಷಕರು ಕೆಲಸದ ದಿನ ಪ್ರತಿ ಮಧ್ಯಾಹ್ನ ಕ್ಯಾಂಟೀನಿನ ಊಟ ಮಾಡತಕ್ಕದ್ದು. ತಟ್ಟೆ ಖಾಲಿ ಮಾಡತಕ್ಕದ್ದು. ಹತ್ತಕ್ಕೆ ಎಷ್ಟು ಅಂಕವೆಂದು ಬರೆದು ಕೊಡತಕ್ಕದ್ದು. ಆರು ತಿಂಗಳ ಸರಾಸರಿ ಆರು ಅಂಕ ದಾಟಿದರೆ ಘಟಕವೂ ಪರೀಕ್ಷಕರ ಹುದ್ದೆಯೂ ಕಾಯಂ. ದಾಟದಿದ್ದರೆ ಎರಡೂ ರದ್ದು. ಹೊರಗಿನಿಂದ ತಂದ ಬುತ್ತಿಯನ್ನು ಪರೀಕ್ಷಕರು ಕಚೇರಿಯ ಆವರಣದಲ್ಲಿ ಬಿಚ್ಚಕೂಡದು. ಅದು ಕ್ಯಾಂಟೀನಿನ ಊಟದ ಮನಸ್ಸನ್ನು ನೋಯಿಸುತ್ತದೆ.

ಪರೀಕ್ಷೆ ಶುರುವಾಗುವ ಮೊದಲು ಇಂಗ್ಲಿಷ್ ಊಟ ಯಾವುದೆಂದು ಗೊತ್ತುಮಾಡಬೇಕಿತ್ತು. ಅದಕ್ಕೊಂದು ಉಪಸಮಿತಿ. ಆಲೂಗಡ್ಡೆ ಮೂಲತಃ ದಕ್ಷಿಣ ಅಮೆರಿಕದ್ದು ಎಂದು ಗ್ರಂಥಾಲಯ ವಿಭಾಗದವರು ಬರೆದು ತಿಳಿಸಿದಾಗ ಉಪಸಮಿತಿಯಲ್ಲಿ ಗಾಬರಿಯೆದ್ದಿತು. ಅದನ್ನು ತೆಗೆದರೆ ತಟ್ಟೆಯಲ್ಲಿ ಉಳಿಯುವುದು ಎಲೆಕೋಸು, ಬಟಾಣಿ ಮಾತ್ರ. ಬಹಳ ಚರ್ಚೆಯಾಗಿ, ಆಲೂಗಡ್ಡೆ ನಾನೂರು ವರ್ಷದಿಂದ ಇಲ್ಲಿ ಶಾಂತಿಯುತವಾಗಿ ವಾಸವಾಗಿದೆ, ಸರಕಾರಕ್ಕೆ ಹೊರೆಯಾಗಿಲ್ಲ, ಸುತ್ತಲಿನವರೊಡನೆ ಬೆರೆತುಹೋಗಿದೆ ಎಂದು ಅದಕ್ಕೆ ಕಾಯಂ ವಾಸದ ಅನುಮತಿ ಕೊಡಲಾಯಿತು. ನರಸಿಂಹಮೂರ್ತಿ ಆ ಪ್ರಕಟಣೆಯನ್ನು ಎರಡು ಸಲ ಓದಿದರು. ಅದೇ ಅನುಮತಿಗಾಗಿ ಅವರು ಕ್ರೋಯ್ಡನ್ನಿನ ವಲಸೆ ಕಚೇರಿಯಲ್ಲಿ ಎಷ್ಟು ಸಲ ಸರದಿ ನಿಂತಿದ್ದರೋ. ಆಲೂಗಡ್ಡೆಗೆ ಒಂದು ಮಧ್ಯಾಹ್ನ ಸಾಕಾಯಿತು. ಆದರೂ ಅವರಿಗೆ ಅದರ ಮೇಲೆ ಹೊಟ್ಟೆಕಿಚ್ಚು ಹುಟ್ಟಲಿಲ್ಲ. ಇನ್ನು ದಿನಾ ಮುಖ ನೋಡಬೇಕಾದವರ ಮೇಲೆ ದ್ವೇಷ ಕಟ್ಟಿಕೊಂಡು ಆಗುವುದೇನು?

ಮೊದಲ ದಿನದ ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಎಲೆಕೋಸು, ಬೇಯಿಸಿದ ಬಟಾಣಿ ಇದ್ದವು. ಮೂರನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿದ್ದರು. ರುಚಿ ಮಾತ್ರ ಒಂದೇ ಪಾತ್ರೆಯದು. ನರಸಿಂಹಮೂರ್ತಿ ತಟ್ಟೆ ಖಾಲಿ ಮಾಡಿ ‘ಎರಡು’ ಎಂದು ಬರೆದರು. ಮರುದಿನ ಎರಡು. ಅದರ ಮರುದಿನ ಬಟಾಣಿ ಇರಲಿಲ್ಲವಾದ್ದರಿಂದ ಮೂರು.

ಕ್ಲೈವ್ ಸಾಹೇಬರು ಕರೆಸಿದರು. “ಒತ್ತಾಯವಿಲ್ಲ, ಮಿಸ್ಟರ್ ಮೂರ್ತಿ. ನಿಮ್ಮ ಹುದ್ದೆ ನಿಮ್ಮ ಕೈಯಲ್ಲೇ ಇದೆ ಎಂದು ನೆನಪಿಸಿದೆ, ಅಷ್ಟೆ.”

“ಸರ್, ಮುಳ್ಳು ಎಲ್ಲಿ ನಿಂತಿದೆಯೋ ಅದನ್ನೇ ಬರೆದು ರೂಢಿ ನನಗೆ. ಇಲ್ಲದ ತೂಕ ಬರೆಯಲಾರೆ.”

“ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನಮಗೆ ಹೆಮ್ಮೆಯಿದೆ” ಎಂದರು ಕ್ಲೈವ್ ಸಾಹೇಬರು, ಬಹಳ ದುಃಖದಿಂದ.

ಅಂದು ರಾತ್ರಿ ಮನೆಯಲ್ಲಿ ಅವರು ಅನ್ನ ಸಾರಿನ ಮುಂದೆ ಕೂತ ರೀತಿ ನೋಡಿಯೇ ಕಾಮಾಕ್ಷಿಗೆ ಅರ್ಥವಾಯಿತು. “ಏನ್ರೀ, ಮೂರು ದಿನದಿಂದ ಉಪವಾಸ ಇದ್ದೋರ ಹಾಗೆ ಉಣ್ತಿದ್ದೀರಲ್ಲ. ನಾಳೆ ಕೋಟಿನ ಜೇಬಲ್ಲಿ ಚಟ್ನಿಪುಡಿ ಡಬ್ಬಿ ಇಡ್ತೀನಿ, ಸುಮ್ಮನೆ ಮೇಲಿಷ್ಟು ಉದುರಿಸ್ಕೊಳ್ಳಿ.”

“ಛೆ, ಅಡುಗೆ ಮಾಡಿದವರ ಎದುರಿಗಾ? ಪಂಕ್ತಿಯಲ್ಲಿ ಕೂತು ಉಪ್ಪು ಕೇಳಿದರೇ ಅಡುಗೆಯವರ ಮುಖ ಸಣ್ಣದಾಗತ್ತೆ. ಇದು ಹೋಗಿ ಹೋಗಿ ಚಟ್ನಿಪುಡಿ.”

“ಡ್ಯಾಡ್, ಜಸ್ಟ್ ಗಿವ್ ಇಟ್ ಅ ಸಿಕ್ಸ್” ಎಂದಳು ಸ್ಮೃತಿ, ಟೀವಿಯಿಂದ ಕಣ್ಣು ತೆಗೆಯದೆ.

“ನೀನು ಓದ್ಕೋ” ಎಂದರು ನರಸಿಂಹಮೂರ್ತಿ.

ಡಬ್ಬಿಯೇನೋ ಜೇಬು ಸೇರಿತು. ಕ್ಯಾಂಟೀನಿನ ಅಡುಗೆ ಡೈಸಿಯದು. ಶಿರ್ವದ ಕಡೆಯ ಹೆಂಗಸು, ಗ್ರೀನ್‌ಫರ್ಡಿನಲ್ಲಿ ಮನೆ. ಕೌನ್ಸಿಲ್ಲು ಕೊಟ್ಟ ಪಾಕಸೂತ್ರವನ್ನು ಅಕ್ಷರ ತಪ್ಪದೆ ಪಾಲಿಸುತ್ತಿದ್ದಳು. ನರಸಿಂಹಮೂರ್ತಿ ಡಬ್ಬಿ ತೆಗೆಯುವುದು, ಒಳಗಿಡುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದುದನ್ನು ನೋಡಿ ಕೌಂಟರಿನಿಂದ ಈಚೆ ಬಂದಳು.

“ಎಂತ ಮೂರ್ತಿಗಳೇ, ಜೇಬಲ್ಲಿ ಇಲಿಮರಿ ಉಂಟಾ?”

“ಚಟ್ನಿಪುಡಿ ಅಮ್ಮ. ನೀವು ಬೇಸರ ಮಾಡ್ಕೊಳ್ಳಲ್ಲ ಅಂದ್ರೆ…”

“ನನಗೆಂತ ಬೇಸರ ಮಾರಾಯ್ರೆ! ಇಲ್ಲಿ ಬೇಯಿಸುವುದು ಮಾತ್ರ ನನ್ನ ಕೆಲಸ. ರುಚಿ ಮಾಡುವುದು ನಿಮ್ಮ ಕೆಲಸ. ಮೇಜಿನ ಮೇಲೆ ಉಪ್ಪು, ಮೆಣಸು, ವಿನಿಗರ್, ಸಾಸಿವೆ, ಬ್ರೌನ್ ಸಾಸು ಅಂತ ಸಾಲಾಗಿ ಇಟ್ಟದ್ದು ಎಂತಕ್ಕೆ? ಈ ಜನ ಊಟವನ್ನು ಅರ್ಧ ಮಾಡಿ ನಮ್ಮ ಕೈಗೆ ಕೊಡುವುದು, ಉಳಿದರ್ಧ ನಾವು ಮಾಡಿಕೊಳ್ಳಬೇಕು. ಊರಲ್ಲಿ ನನ್ನ ಅತ್ತೆ ಎದುರು ಯಾರಾದರೂ ಉಪ್ಪು ಮುಟ್ಟಿದರೆ ಸಾರು ತಲೆಗೆ ಹೊಯ್ಯುತ್ತಿದ್ದರು. ಇಲ್ಲಿ ಮುಟ್ಟದಿದ್ದರೇ ಜನ ವಿಚಿತ್ರ ನೋಡುವುದು. ಹಾಕಿ ಹಾಕಿ, ನನಗೂ ಚೂರು ಕೊಡಿ.”

ನರಸಿಂಹಮೂರ್ತಿ ಹಾಕಿಕೊಂಡರು. ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಕೊಬ್ಬರಿ, ಹುಣಿಸೆ, ಚೂರು ಬೆಲ್ಲ. ಬಿಸಿ ಆಲೂಗಡ್ಡೆಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಪುಡಿ. ಸುಮ್ಮನೆ ಎರಡನೆಯ ಸಲ ಬಡಿಸಿಕೊಂಡರು. ‘ಎಂಟು’ ಎಂದು ಬರೆದರು. ಬರೆದವರು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗದೆ ಪಕ್ಕದಲ್ಲಿ ‘ಚಟ್ನಿಪುಡಿ ಸಹಿತ’ ಎಂದು ಸೇರಿಸಿದರು.

ವಾರ ಕಳೆಯುವಷ್ಟರಲ್ಲಿ ಕರೆ ಬಂತು. ನರಸಿಂಹಮೂರ್ತಿ ಕೋಟಿನ ಗುಂಡಿ ಹಾಕಿಕೊಂಡು, ಎರಡು ವರ್ಷದ ಪಿಂಚಣಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟು ಮೇಲೆ ಹೋದರು. ಕ್ಲೈವ್ ಸಾಹೇಬರ ಪಕ್ಕದಲ್ಲಿ ಕಾನೂನು ವಿಭಾಗದ ಹೆಂಗಸೊಬ್ಬರು ಕೂತಿದ್ದರು.

“ಈ ಪುಡಿಯನ್ನು ಅಡುಗೆಮನೆಯಲ್ಲಿ ಹಾಕಿದರೋ, ಮೇಜಿನ ಮೇಲೋ?” ಎಂದು ಆಕೆ ಕೇಳಿದರು.

“ಮೇಜಿನ ಮೇಲೆ. ನಾನೇ ಹಾಕಿಕೊಂಡೆ. ತಪ್ಪು ನನ್ನದು.”

“ತಪ್ಪಿಲ್ಲ. ಈ ದೇಶದ ಪದ್ಧತಿಯ ಪ್ರಕಾರ ಮೇಜಿನ ಮೇಲೆ ಹಾಕಿಕೊಂಡದ್ದು ಊಟದ ಭಾಗವಲ್ಲ. ಅದು ಉಣ್ಣುವವನ ಖಾಸಗಿ ವಿಷಯ. ರುಚಿಯ ವಿಷಯದಲ್ಲಿ ನಾಗರಿಕನ ಮೇಲೆ ಬಲವಂತ ಮಾಡುವ ಅಧಿಕಾರ ಅಡುಗೆಯವರಿಗಿಲ್ಲ. ಫ್ರೆಂಚರು ಅದನ್ನು ಮಾಡುತ್ತಾರೆ, ನಾವು ಮಾಡುವುದಿಲ್ಲ. ಆದ್ದರಿಂದ ನೀವು ಕೊಟ್ಟ ಎಂಟು ಅಂಕ ಸಂಪೂರ್ಣವಾಗಿ ಆಲೂಗಡ್ಡೆಗೆ ಸೇರತಕ್ಕದ್ದು.”

ಕ್ಲೈವ್ ಸಾಹೇಬರ ಕಣ್ಣು ತೇವವಾಗಿತ್ತು. ಮರುದಿನ ಪ್ರಕಟಣೆ ಹೊರಟಿತು: ‘ಬೇಯಿಸಿದ ಆಲೂಗಡ್ಡೆಯು ಸ್ವಂತ ಅರ್ಹತೆಯಿಂದ ಎಂಟು ಅಂಕ ಗಳಿಸಿರುವುದನ್ನು ತಿಳಿಸಲು ಕೌನ್ಸಿಲ್ಲು ಹರ್ಷಿಸುತ್ತದೆ.’

ಆಲೂಗಡ್ಡೆಯ ಅರ್ಹತೆಯನ್ನು ಪರೀಕ್ಷಿಸಲು ಮಿಕ್ಕ ನೌಕರರೂ ಬರತೊಡಗಿದರು. ಬಂದವರೆಲ್ಲ ನರಸಿಂಹಮೂರ್ತಿಯವರ ಮೇಜನ್ನೇ ಹುಡುಕಿ ಕೂತರು. ಜೇಬಿನ ಡಬ್ಬಿ ಸಾಲದೆ ಹಾರ್ಲಿಕ್ಸ್ ಬಾಟಲಿ ಬಂತು. ಅದೂ ಸಾಲದೆ ಬಕೆಟ್ಟು ಬಂತು. ಕೆಂಟನ್ನಿನ ಮನೆಯಲ್ಲಿ ಬೆಳಗ್ಗೆ ಸಂಜೆ ಮಿಕ್ಸಿ ಗುರುಗುಟ್ಟಿತು. ಪಕ್ಕದ ಮನೆಯವರು ಸೀನುತ್ತ ದೂರು ಕೊಡಲು ಬಂದು, ಅರ್ಧ ಕಿಲೋ ತೆಗೆದುಕೊಂಡು ಹೋದರು. ಎದುರು ರಸ್ತೆಯ ಕರಿ ಹೋಟೆಲಿನವನು ಮಧ್ಯಾಹ್ನ ಬಾಗಿಲು ಹಾಕಿ, ತಾನೂ ಕ್ಯಾಂಟೀನಿಗೆ ಬಂದು ಎಲೆಕೋಸು ತಿಂದ. ದೇಶದೇಶದ ಊಟಗಳ ಬಗ್ಗೆ ಘಟಕ ಸೆಪ್ಟೆಂಬರಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಇಂಗ್ಲಿಷ್ ಊಟ ಕೊನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೇ ಏರಿತ್ತು. ಅತಿಯಾಗಬಾರದೆಂದು ಕ್ಲೈವ್ ಸಾಹೇಬರು ಅದನ್ನು ಎರಡನೆಯದಕ್ಕೆ ಇಳಿಸಿ ಪ್ರಕಟಿಸಿದರು.

ಫ್ರೆಂಚ್ ನಿಯೋಗವನ್ನು ಮತ್ತೆ ಕರೆಸಲಾಯಿತು. ಅವರು ಈ ಸಲವೂ ಏನೂ ಹೇಳಲಿಲ್ಲ. ಆದರೆ ಬಾಯಿತುಂಬ ಆಲೂಗಡ್ಡೆ ಇದ್ದುದರಿಂದ ಹೇಳಲಿಲ್ಲವೆಂದು ನಡಾವಳಿಯಲ್ಲಿ ದಾಖಲಾಯಿತು. ಕೊನೆಗೆ ಒಬ್ಬರು ಪುಡಿಯತ್ತ ಬೆರಳು ತೋರಿಸಿ ಇದು ಯಾವ ದೇಶದ್ದೆಂದು ಕೇಳಿದರು. ಕೆಂಟನ್ನಿನದು ಎಂದು ಕ್ಲೈವ್ ಸಾಹೇಬರು ನಿಜವನ್ನೇ ಹೇಳಿದರು. ಅಲ್ಲಿಂದ ಮುಂದೆ ಬಕೆಟ್ಟಿನ ಮೇಲೆ ‘ಸಾಂಪ್ರದಾಯಿಕ ಇಂಗ್ಲಿಷ್ ಪುಡಿ’ ಎಂಬ ಚೀಟಿ ಬಂತು.

“ಅಮ್ಮಾ, ಯು ಆರ್ ಇಂಗ್ಲಿಷ್ ಹೆರಿಟೇಜ್ ನೌ” ಎಂದಳು ಸ್ಮೃತಿ.

“ಆಗ್ಲಿ, ಮೊದಲು ಆ ಮೆಣಸಿನಕಾಯಿ ತೊಟ್ಟು ಬಿಡಿಸು” ಎಂದಳು ಕಾಮಾಕ್ಷಿ.

ಇಷ್ಟಾದ ಮೇಲೆ ಪುಡಿಯನ್ನು ಬಿಟ್ಟಿಯಾಗಿ ತರಿಸುವುದು ಸರಿಯಲ್ಲವೆಂದು ಲೆಕ್ಕಪತ್ರ ವಿಭಾಗ ತಗಾದೆ ಎತ್ತಿತು. ಟೆಂಡರು ಕರೆದರು. ಕಾಮಾಕ್ಷಿಯದೊಂದೇ ಅರ್ಜಿ ಬಂತು; ಅದು ಮಂಜೂರಾಯಿತು. ಮಂಜೂರಾದ ಮೇಲೆ ಪರೀಕ್ಷಕರೂ ಸರಬರಾಜುದಾರರೂ ಗಂಡ ಹೆಂಡತಿ ಎಂಬುದು ಕಾನೂನು ವಿಭಾಗದ ಗಮನಕ್ಕೆ ಬಂತು.

ಕ್ಲೈವ್ ಸಾಹೇಬರು ನರಸಿಂಹಮೂರ್ತಿಯವರನ್ನು ಕರೆಸಿ, ಹೆಗಲ ಮೇಲೆ ಕೈಯಿಟ್ಟರು. “ನಿಮ್ಮ ಹುದ್ದೆ ಕಾಯಂ ಆಗಿದೆ. ಅಭಿನಂದನೆಗಳು. ನಿವೃತ್ತಿಯವರೆಗೆ ಯಾರೂ ಅಲುಗಾಡಿಸಲಾರರು. ಒಂದೇ ಒಂದು ಸಣ್ಣ ಸಂಗತಿ. ನಿಮ್ಮ ಹೆಂಡತಿಯ ಪುಡಿಯಿಂದ ನಿಮಗೆ ಲಾಭವಾಗಬಾರದು. ಆದ್ದರಿಂದ ಕಚೇರಿಯಲ್ಲಿ ಅದನ್ನು ನೀವು ಮುಟ್ಟುವಂತಿಲ್ಲ.”

“ಹಾಗಾದರೆ ನನ್ನ ಅಂಕ ಮತ್ತೆ ಎರಡಕ್ಕೆ ಇಳಿಯುತ್ತದಲ್ಲ, ಸರ್?”

“ಅದನ್ನೂ ಯೋಚಿಸಿದ್ದೇವೆ. ನಿಮಗೆ ಹಿತಾಸಕ್ತಿ ಇರುವುದರಿಂದ ನೀವು ಅಂಕ ಕೊಡುವಂತಿಲ್ಲ.”

“ಮತ್ತೆ ನನ್ನ ಕೆಲಸ?”

“ಉಣ್ಣುವುದು. ಹುದ್ದೆ ಇರುವುದೇ ಅದಕ್ಕಲ್ಲವೆ?”

ನರಸಿಂಹಮೂರ್ತಿ ಈ ಮಾತನ್ನು ತಕ್ಕಡಿಗಿಟ್ಟಂತೆ ಮನಸ್ಸಿನಲ್ಲೇ ತೂಗಿ ನೋಡಿದರು. ಇದರಲ್ಲಿ ಎಲ್ಲಿಯೂ ತೂಕದ ಮೋಸ ಅವರಿಗೆ ಕಾಣಲಿಲ್ಲ. ಥ್ಯಾಂಕ್ಸ್ ಹೇಳಿ, ಕೆಳಗಿಳಿದು ಸರದಿಯಲ್ಲಿ ನಿಂತರು. ಕ್ಯಾಂಟೀನಿನ ತುಂಬ ಕರಿಬೇವು, ಹುರಿದ ಬೇಳೆಯ ಘಮ. ಅವರಿಗೆಂದು ಮೂಲೆಯಲ್ಲಿ ಬೇರೆ ಮೇಜು ಹಾಕಿದ್ದರು. ಡೈಸಿ ಅವರ ತಟ್ಟೆಗೆ ಒಂದು ಆಲೂಗಡ್ಡೆ ಹೆಚ್ಚಿಗೆ ಹಾಕಿ, “ಎಂತ ಮಾಡುವುದು, ರೂಲು” ಎಂದಳು. ತಟ್ಟೆ ಖಾಲಿಯಾಯಿತು. ಮುಂದಿನ ಎರಡು ವರ್ಷ ದಿನವೂ ಖಾಲಿಯಾಯಿತು. ಅವರಿಗಾಗಲಿ ಕಚೇರಿಗಾಗಲಿ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಪುಡಿಯ ಮೊದಲ ಕಂತಿನ ಪಾವತಿ ಆ ವರ್ಷದ ಡಿಸೆಂಬರಿನಲ್ಲೇ ಬಂದಿತ್ತು. ದಪ್ಪ ಲಕೋಟೆ, ಮೇಲೆ ಕೌನ್ಸಿಲ್ಲಿನ ಮೊಹರು. ಕಾಮಾಕ್ಷಿ ಒಡೆದು ನೋಡಿ, ಜೊತೆಗಿದ್ದ ಪತ್ರವನ್ನು ಸ್ಮೃತಿಯ ಕೈಲಿ ಓದಿಸಿ, ಹ್ಯಾರೋದಲ್ಲಿದ್ದ ಗೆಳತಿ ಮೀರಾಗೆ ಫೋನು ಮಾಡಿದಳು. ತಿಂಗಳುಗಟ್ಟಲೆ ಕೂತು ಬೇಳೆ ಹುರಿಯಲು ನೆರವಾದವಳು ಮೀರಾ.

“ಬಂತೇನೇ? ಎಷ್ಟು ಕೊಟ್ಟರು?”

“ಚೆಕ್ಕಿಗೆ ಮೂರು ಜನರ ಸಹಿ ಬೇಕಂತೆ, ಅದರಲ್ಲಿ ಒಬ್ಬರು ರಜೆ ಮೇಲೆ ಹೋಗಿದ್ದಾರಂತೆ. ಅದಕ್ಕೇ ಘಟಕದವರು ತಮ್ಮ ಅಧಿಕಾರದಲ್ಲೇ ಇರೋದನ್ನ ಕೊಟ್ಟಿದ್ದಾರೆ. ತುಂಬ ಗೌರವದಿಂದ ಬರೆದಿದ್ದಾರೆ ಕಣೆ.”

“ಅಯ್ಯೋ, ಏನು ಕೊಟ್ಟರು ಅಂತ ಹೇಳೇ!”

“ಊಟದ ಕೂಪನ್ನು. ಇನ್ನೂರು. ಅವರ ಕ್ಯಾಂಟೀನಿನದೇ. ಪುಡಿ ಬೇಕು ಅಂದ್ರೆ ಅದಕ್ಕೆ ಮಾತ್ರ ನಾವೇ ಬೇರೆ ದುಡ್ಡು ಕೊಡಬೇಕಂತೆ.”