ಹಾಡದ ಹಾಳೆಯ ಕುರಿತು ಮೀಟರು ಮಹಾಶಯರಿಗೆ

ಪಾಲಹಳ್ಳಿ, ೧೯೯೬

ಮಾನ್ಯ ಡಿಜಿಟಲ್ ಮಲ್ಟಿಮೀಟರು ಮಹಾಶಯರೇ,

ಹಳದಿ ಅಂಗಿ ತೊಟ್ಟು, ಕೆಂಪು ಕಪ್ಪು ಕಡ್ಡಿಗಳನ್ನು ಇಕ್ಕೆಲದಲ್ಲಿ ಚಾಚಿಕೊಂಡು ನಮ್ಮ ಹಜಾರದ ಕಿಟಕಿಕಟ್ಟೆಯ ಮೇಲೆ ಬಿಜಯಂಗೈದಿರುವ ತಮಗೆ ರೈತ ನಿಂಗರಾಜುವಿನ ನಮಸ್ಕಾರಗಳು. ನಮ್ಮ ರೇಡಿಯೋದ ಹೊಟ್ಟೆ ಬಗೆದು ತೆಗೆದ ಬ್ಯಾಟರಿ ತಮಗೆ ಹಿತವಾಗಿ ಒಗ್ಗಿದೆಯೆಂದು ನಂಬಿ, ಸಾರ್ವಜನಿಕರ ಸಮಕ್ಷಮ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಶ್ರೀರಂಗಪಟ್ಟಣದ ರಾಮಸ್ವಾಮಿ ಮೇಷ್ಟ್ರ ಮನೆಯಲ್ಲಿ ನಾನೊಂದು ವಿಚಿತ್ರ ಸ್ಪೀಕರಿನ ಹಾಡು ಕೇಳಿದೆ. ಅದರೊಳಗೆ ಆಯಸ್ಕಾಂತವಿಲ್ಲ, ಕಾಗದದ ಕೋನಿಲ್ಲ, ಎರಡು ಚೌಕಟ್ಟುಗಳ ನಡುವೆ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆಯೊಂದು ಹೈ ಟೆನ್ಷನ್ ಕರೆಂಟಿಗೆ ನಡುಗಿ ತಾನೇ ಹಾಡುತ್ತದೆ, ಹಾಡುವಾಕೆ ಉಸಿರೆಳೆದುಕೊಂಡದ್ದೂ ಕೇಳುತ್ತದೆ. ಅಂದೇ ನಾನೂ ಒಂದು ಜೊತೆ ಕಟ್ಟುವುದೆಂದು ತೀರ್ಮಾನಿಸಿದೆ. ಮೇಷ್ಟ್ರು ಹೇಳಿದ ಕಟ್ಟುಪಾಡು ಒಂದೇ: ಹಾಳೆಗೊಂದು ಲೇಪ ಬೇಕು, ಅದರ ಮೇಲೆ ಕರೆಂಟು ಹರಡಬೇಕು, ಆದರೆ ಓಡಬಾರದು, ತೆವಳಬೇಕು, ಆದ್ದರಿಂದ ಲೇಪದ ಮೇಲ್ಮೈ ರೋಧ ಎಷ್ಟು ಹೆಚ್ಚಿರಬೇಕೆಂದರೆ, ತಮ್ಮಂಥವರು ಅಳೆಯಲಾರದೆ ಕೈಚೆಲ್ಲಿ, ಎಡಮೂಲೆಯಲ್ಲಿ ಒಂಟಿ '1' ತೋರಿಸಿ ಸುಮ್ಮನಾಗಬೇಕು.

ಇತ್ತ ಹಜಾರದ ತುಂಬ, ಮರದ ಪಟ್ಟಿಗಳನ್ನು ಚೌಕಚೌಕವಾಗಿ ಹೆಣೆದು ತಂತಿ ಬಿಗಿದ ಬಾಗಿಲೆತ್ತರದ ನನ್ನ ಚೌಕಟ್ಟುಗಳು. ಅತ್ತ ಕೋಣೆಯಲ್ಲಿ, ನಾಲ್ಕನೇ ಜ್ವರ ದಾಟಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಿಪ್ಪುನೇರಳೆ ಸೊಪ್ಪನ್ನು ಕರಕರ ಮೇಯುತ್ತಿದ್ದ ನನ್ನ ಹೆಂಡತಿ ಬೆಟ್ಟಮ್ಮನ ರೇಷ್ಮೆಹುಳುಗಳು. ಹುಳು ಹಣ್ಣಾಗಿ ಮೇವು ಬಿಟ್ಟರೆ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳಿಗೆ ಇದೇ ಹಜಾರ ಬೇಕು. "ಏನೂಂದ್ರೆ, ಹುಳ ಹಣ್ಣಾಗೋದ್ರೊಳ್ಗೆ ಇವು ಬಾಯ್ಬುಟ್ರೆ ಹಜಾರ ನಿಮ್ದು, ಇಲ್ದಿದ್ರೆ ಹುಳದ್ದು. ಈಗ್ಲೇ ಯೋಳ್ಬುಟ್ಟಿವ್ನಿ" ಎಂದು ಆಕೆ ತೀರ್ಪು ಕೊಟ್ಟಳು. ನನ್ನ ಮಾನವಿದ್ದದ್ದು ಸಂಪೂರ್ಣ ತಮ್ಮ ಕೈಯಲ್ಲಿ.

ಸೋಪಿನ ನೀರು ಸವರಿ, ಜಾರುವ ಹಾಳೆಯ ಮೇಲೆ ತಮ್ಮ ಕಡ್ಡಿಗಳ ಲೋಹದ ಮೂತಿಗಳನ್ನು ಎರಡೂ ಕೈಯ ಬೆರಳುಗಳಿಂದ ಭಕ್ತಿಪೂರ್ವಕ ಒತ್ತಿ ಹಿಡಿದೆ. ರೋಧ ಎರಡು ಮೆಗಾಓಮ್ ಎಂದು ಅಪ್ಪಣೆ ಕೊಡಿಸಿದಿರಿ. ಕಡಿಮೆಯಾಯಿತೆಂದು ಸೋಪಿಗೆ ನೀರು ಬೆರೆಸಿದೆ, ಎರಡು. ಸೋಪು ತೊಳೆದು ಪೆನ್ಸಿಲಿನ ಸೀಸದ ಪುಡಿ ತಿಕ್ಕಿದೆ, ಎರಡು. ತಿಕ್ಕಿದ್ದನ್ನು ಹತ್ತಿಯಿಂದ ಒರೆಸಿದೆ, ಎರಡು. ಮಂತ್ರಿಗಳೂ ಹೀಗೆ ಒಂದೇ ಮಾತಿಗೆ ನಿಂತಿದ್ದರೆ ದೇಶ ಎಂದೋ ಉದ್ಧಾರವಾಗುತ್ತಿತ್ತೆಂದು ತಮ್ಮ ಸ್ಥಿರಚಿತ್ತವನ್ನು ಕೊಂಡಾಡುತ್ತ, ಒರೆಸಿ ಒರೆಸಿ ಕೊನೆಗೆ ಲೇಪವೇ ಇಲ್ಲದ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಕ್ಯಾಸೆಟ್ಟು ಹಾಕಿದೆ. ಬೆಟ್ಟಮ್ಮನ ತಮ್ಮ ಕೆಂಪಣ್ಣ ಕಿವಿ ಆನಿಸಿ ಬಹಳ ಹೊತ್ತು ಕೇಳಿ, "ಉಸ್ರಾಟ ಕೇಳ್ತದೆ ಅಂದ್ರಲ್ಲ, ದಿಟ ಕಣ್ ಬಾವಾ. ನಂದೇ ಕೇಳ್ತಾ ಅದೆ" ಎಂದ.

ಬಿಚ್ಚಿ ಮತ್ತೆ ಅಳೆಯಲು ಕುಳಿತಾಗ ನಾಲೆಯ ಕಡೆಯಿಂದ ಗಾಳಿ ಬೀಸಿ ಹಾಳೆಯನ್ನು ನನ್ನ ಕೈಯಡಿಯಿಂದ ಎತ್ತಿಕೊಂಡು ಹೋಯಿತು. ನಾನು ಕಡ್ಡಿಗಳನ್ನು ಚಿವುಟಿ ಹಿಡಿದು ಹಾಗೆಯೇ ಕುಳಿತಿದ್ದೆ, ತಾವು ಎರಡು ತೋರಿಸುತ್ತಲೇ ಇದ್ದಿರಿ. "ಬಾವಾ, ಹಾಳೆ ಅಲ್ಲಿ ಕೊಟ್ಟಿಗೆ ತಾವ್ ಬಿದ್ದದೆ. ನೀವ್ ಅಳೀತಾ ಇರೋದು ಏನ?" ಎಂದ ಕೆಂಪಣ್ಣ.

ನನ್ನನ್ನು, ಮಹಾಶಯರೇ! ಕರೆಂಟು ಹಾಳೆಯ ಮೇಲೆ ಒಂದು ಹೆಜ್ಜೆಯನ್ನೂ ಇಡದೆ, ಬಲಗೈಯಿಂದ ಹೊಕ್ಕು ಎಡಗೈಯಿಂದ ಹೊರಟು ಇಷ್ಟು ದಿನವೂ ಈ ನಿಂಗರಾಜುವಿನ ದೇಹವನ್ನೇ ಸುತ್ತಿ ಬರುತ್ತಿತ್ತು. ತಾವು ತೂಕಡಿಸದೆ ಅದನ್ನೇ ವರದಿ ಮಾಡುತ್ತಿದ್ದಿರಿ. ತಕ್ಷಣ ಮತ್ತೆ ಸೋಪು ಸವರಿ, ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿನಿಂದ ಕಡ್ಡಿಗಳನ್ನು ಕಚ್ಚಿಸಿದೆ. '1' ಎಂದಿರಿ. ಸಂತೋಷದಿಂದ ಕುಣಿದು, ಸಂಶಯ ಬಂದು, ಲೇಪವಿಲ್ಲದ ಹಾಳೆಗೆ ಕಚ್ಚಿಸಿದೆ. '1'. ಬರೀ ಗಾಳಿಯಲ್ಲಿ ನೇತುಹಾಕಿದೆ. '1'. ಅಂದರೆ ನನ್ನ ಲೇಪಕ್ಕೂ ಪಾಲಹಳ್ಳಿಯ ಗಾಳಿಗೂ ತಮ್ಮ ಸನ್ನಿಧಿಯಲ್ಲಿ ಭೇದವಿಲ್ಲ. ಈ ಸಮದೃಷ್ಟಿ ಋಷಿಗಳಿಗೆ ಭೂಷಣವೇ ಸರಿ.

ಆದ್ದರಿಂದ ತಾವು ದಯಮಾಡಿ, ಬಹಳ ಇರುವುದಕ್ಕೂ ಏನೂ ಇಲ್ಲದ್ದಕ್ಕೂ ನಡುವೆ ಕನಿಷ್ಠ ಒಮ್ಮೆ ಕೆಮ್ಮಬೇಕೆಂದೂ, ಹಾಳೆಯ ಬದಲು ಮನುಷ್ಯ ಸಿಕ್ಕಿಬಿದ್ದಾಗ ಅವನ ಹೆಸರು ಹಿಡಿದು ಕೂಗಬೇಕೆಂದೂ, ಲೇಪದ ಹದ ಸಿಗುವವರೆಗೆ ಹಣ್ಣಾಗದಿರುವಂತೆ ಹುಳುಗಳಿಗೆ ತಮ್ಮ ಮಟ್ಟದಿಂದಲೇ ಒಂದು ಸೂಚನೆ ಹೊರಡಿಸಬೇಕೆಂದೂ ಬೇಡುತ್ತೇನೆ. ಕೊನೆಯ ಬೇಡಿಕೆ ಮಾತ್ರ ತುಸು ತಡವಾಯಿತು: ಇಂದು ಬೆಳಿಗ್ಗೆ ಹುಳು ಹಣ್ಣಾಗಿವೆ. ನಾನು ಕೊಟ್ಟಿಗೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಬೆರಳು ಒರೆಸಿಕೊಂಡು ಕಾದಿರುವ ತಮ್ಮ ವಿಶ್ವಾಸಿ,
ಎರಡು ಮೆಗಾಓಮಿನ ನಿಂಗರಾಜು

ಮೂರು ದಿನ ಬಿಟ್ಟು ಸೇರಿಸಿದ ಮಾತು: ಚಂದ್ರಿಕೆ ಸಾಲದೆ ಬಂದಾಗ ಬೆಟ್ಟಮ್ಮ ಉಳಿದ ಹುಳುಗಳನ್ನು ನನ್ನ ಸ್ಪೀಕರಿನ ಚೌಕಟ್ಟುಗಳ ಮೇಲೆ ಬಿಟ್ಟಳು. ಚೌಕಕ್ಕೊಂದರಂತೆ ಹೊಕ್ಕು, ಯಾವ ಮೀಟರನ್ನೂ ಕೇಳದೆ, ಗಟ್ಟಿಯಾದ ಗೂಡು ಕಟ್ಟಿವೆ. "ಮುಂದ್ಲ ಬೆಳೆಗೆ ಇಂಥವೇ ಇನ್ನೊಂದ್ ಜೊತೆ ಮಾಡ್ಕೊಡಿ. ಹಾಡೋದ್ ಮಾತ್ರ ಬ್ಯಾಡ" ಎಂದು ಹೇಳಿದ್ದಾಳೆ. ಅವು ಹಾಡದಂತೆ ನೋಡಿಕೊಳ್ಳುವ ಕೆಲಸಕ್ಕೆ ತಮಗಿಂತ ಯೋಗ್ಯರು ನನಗೆ ಕಾಣುತ್ತಿಲ್ಲ, ದಯವಿಟ್ಟು ಸಿದ್ಧರಾಗಿರಬೇಕು.