ಕೆರಿಬಿಯನ್ ಸಮುದ್ರಕ್ಕೆ ಬಲಿಯಾದ ಮೀಸೆ

ಉದಯ ಆ ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ನಿವೃತ್ತಿಗೆ ಮೊದಲು ಹವಳದ ದಿಬ್ಬವನ್ನು ಕಣ್ಣಾರೆ ಕಂಡೇ ತೀರುತ್ತೇನೆ ಎಂದು ಘೋಷಿಸಿದ. ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಆ ಫ್ಲ್ಯಾಟಿನಲ್ಲಿ ಘೋಷಣೆ ಕೇಳಲು ಇದ್ದವಳು ಹೆಂಡತಿ ಕುಮುದಾ ಒಬ್ಬಳೇ. ಅವಳು ಶಾಲೆಯಲ್ಲಿ ಗಣಿತ ಹೇಳುವವಳು. ಸಾಧಿಸಿ ತೋರಿಸದ ಮಾತನ್ನು ಒಪ್ಪುವ ಅಭ್ಯಾಸ ಅವಳಿಗಿರಲಿಲ್ಲ.

“ನಿಮಗೆ ಈಜು ಬರತ್ತಾ?”

“ಲೈಫ್ ಜಾಕೆಟ್ ಕೊಡ್ತಾರೆ ಕಣೆ. ತೇಲಿದ್ರೆ ಸಾಕು.”

“ಸ್ನಾನಕ್ಕೆ ತಣ್ಣೀರು ಬಂದ್ರೆ ಗೀಸರ್ ಕಂಪನಿಗೆ ಕಂಪ್ಲೇಂಟ್ ಬರೆಯೋರು ನೀವು.”

ಮಹತ್ಕಾರ್ಯಕ್ಕೆ ಹೊರಟವರು ಗೀಸರಿನ ವಿಷಯಕ್ಕೆ ಉತ್ತರ ಕೊಡುತ್ತಾ ಕೂರಬಾರದು ಎಂಬುದು ಉದಯನ ಮತ.

ರಿವರ್‌ಸೈಡಿನಲ್ಲಿ ಅವನ ಕಚೇರಿ. ಲೋಕದ ಹವಳದ ದಿಬ್ಬಗಳನ್ನು ಕಾಪಾಡುವ ಸಂಸ್ಥೆ ಅದು. ಹತ್ತಿರದ ಸಮುದ್ರಕ್ಕೆ ಅಲ್ಲಿಂದ ರೈಲಿನಲ್ಲಿ ಹೋದರೂ ಅರ್ಧ ಹಗಲು ಬೇಕು. ಹವಳ ಎಷ್ಟು ಬಿಸಿಗೆ ಬೆಳ್ಳಗಾಗುತ್ತದೆ, ಯಾವ ಮೀನು ಅದರ ಮೇಲಿನ ಪಾಚಿ ಮೇಯುತ್ತದೆ, ಯಾವ ಮೀನು ರಾತ್ರಿ ಯಾವ ಸಂದಿನಲ್ಲಿ ಮಲಗುತ್ತದೆ, ಎಲ್ಲವನ್ನೂ ಅವನು ಬಲ್ಲ. ಬರೆದ ವರದಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದೇ ಒಂದು ದಿಬ್ಬವಾಗುತ್ತಿತ್ತು. ಆದರೆ ತಲೆಯನ್ನು ಸಮುದ್ರದೊಳಗೆ ಇಟ್ಟವನಲ್ಲ. ಕಡಲತೀರದ ಮೊಂಬಾಸಾಕ್ಕೆ ಹೋದಾಗಲೆಲ್ಲ ಹೋಟೆಲಿನ ಸಭಾಂಗಣದಲ್ಲಿ ಪರದೆ ಎಳೆದುಕೊಂಡು ಸಮುದ್ರದ ಬಗ್ಗೆ ಮಾತಾಡಿ ಬಂದಿದ್ದ. ವರ್ಷದ ಕೊನೆಗೆ ನಿವೃತ್ತಿ. ಇದೇ ಕೊನೆಯ ಅವಕಾಶ.

ಅವಕಾಶವೇನೋ ಭರ್ಜರಿಯಾಗಿಯೇ ಬಂದಿತ್ತು. ಸಂಸ್ಥೆಯ ವಾರ್ಷಿಕ ಸಭೆ ಆಗಸ್ಟಿನಲ್ಲಿ ಕೆರಿಬಿಯನ್ನಿನ ಒಂದು ದ್ವೀಪದಲ್ಲಿ. ನೈರೋಬಿ ಕಚೇರಿಯಿಂದ ಒಬ್ಬರಿಗೆ ಆಹ್ವಾನ. ಕೊನೆಯ ದಿನ ಇಡೀ ಹಗಲು ಕ್ಯಾಟಮರಾನ್ ಪ್ರಯಾಣ. ಎರಡು ದೋಣಿಗಳನ್ನು ಅಕ್ಕಪಕ್ಕ ಜೋಡಿಸಿ ಮೇಲೆ ಹಾಯಿ ಕಟ್ಟಿದಂಥ ಹಡಗು. ಬೆಳಿಗ್ಗೆ ಹೊರಟು ಒಂದು ಪುಟ್ಟ ದ್ವೀಪದ ಬಿಳಿ ಮರಳಿನ ದಂಡೆಯ ಹತ್ತಿರ ಲಂಗರು. ಮುಖಕ್ಕೆ ಗಾಜಿನ ಮಾಸ್ಕ್, ಬಾಯಿಗೆ ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ಬೋರಲಾಗಿ ತೇಲಿದರೆ ಕೆಳಗೆ ಹವಳ. ಮಧ್ಯಾಹ್ನ ಹಡಗಿನಲ್ಲೇ ಊಟ, ಸಂಜೆಗೆ ವಾಪಸು. ಕುಮುದಾ ಶಾಲೆಗೆ ರಜವೆಂದು ತನ್ನ ಟಿಕೆಟನ್ನು ತಾನೇ ಕೊಂಡಿದ್ದಳು. ನೀರಿಗಿಳಿಯುವ ಯೋಚನೆ ಅವಳಿಗಿರಲಿಲ್ಲ. ಮರಳಿನ ಮೇಲೆ ನೆರಳಲ್ಲಿ ಕೂತು, ಯಾರ ಉತ್ತರಪತ್ರಿಕೆಯನ್ನೂ ತಿದ್ದದೆ ಒಂದು ದಿನ ಕಳೆಯುವುದು ಅವಳ ಗುರಿ.

ಉದಯ ವೆಸ್ಟ್‌ಲ್ಯಾಂಡ್ಸಿನ ಅಂಗಡಿಯಿಂದ ಮಾಸ್ಕ್, ಕೊಳವೆ, ಕಾಲಿಗೆ ಬಾತಿನ ಪಾದದಂಥ ರಬ್ಬರಿನ ರೆಕ್ಕೆ ಎಲ್ಲವನ್ನೂ ತಂದ. ಬಚ್ಚಲಿನ ತೊಟ್ಟಿ ತುಂಬಿಸಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎಮ್ಮೆ ಸೀನಿದಂಥ ಸದ್ದು ಬಂತು.

“ಏನಾಯ್ತ್ರೀ?”

“ಮಾಸ್ಕ್ ಸರಿಯಿಲ್ಲ. ನೀರು ಒಳಗೆ ಬರ್ತಿದೆ.”

ಮಾಸ್ಕ್ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಮೀಸೆ. ಗಾಜಿನ ಸುತ್ತಲಿನ ರಬ್ಬರು ಚರ್ಮಕ್ಕೆ ಅಂಟಿ ಕೂರಬೇಕು; ಮೂಗಿನ ಕೆಳಗೆ ಅದಕ್ಕೆ ಸಿಕ್ಕಿದ್ದು ಚರ್ಮವಲ್ಲ, ಮದುವೆಗೆ ಮೊದಲಿನಿಂದ ಸಾಕಿಕೊಂಡು ಬಂದ ದಟ್ಟ ಪೊದೆ. ತಲೆಯ ಕೂದಲು ಎಂದೋ ಸಂಪೂರ್ಣ ನಿವೃತ್ತಿ ಪಡೆದಿತ್ತು. ಆ ಮುಖದಲ್ಲಿ ಇನ್ನೂ ಸೇವೆಯಲ್ಲಿದ್ದದ್ದು ಮೀಸೆ ಒಂದೇ. ಉದಯ ಅದಕ್ಕೆ ವ್ಯಾಸಲೀನ್ ಹಚ್ಚಿದ, ಕೊಬ್ಬರಿ ಎಣ್ಣೆ ಹಚ್ಚಿದ, ಅಂಚು ಕತ್ತರಿಸಿದ. ಪ್ರತಿ ಸಂಜೆ ಮೂಗಿನ ತುಂಬ ನೀರು ತುಂಬಿಕೊಂಡು ಎದ್ದ. ವಾರ ಕಳೆಯುವಷ್ಟರಲ್ಲಿ ನೆಗಡಿ ಹಿಡಿಯಿತು, ಕಣ್ಣು ಕೆಂಪಾಯಿತು, ಗಂಟಲು ಕಟ್ಟಿತು. ಎರಡು ದಿನ ರಜ ಹಾಕಿ ಮಲಗಿದ. ಎದ್ದವನು ನಿರ್ಧಾರ ಪ್ರಕಟಿಸಿದ.

“ತೆಗೆದುಬಿಡ್ತೀನಿ.”

ಕುಮುದಾ ಕೈಲಿದ್ದ ಸೌಟನ್ನು ಕೆಳಗಿಟ್ಟಳು. “ಮಾವನವರು ಗುಂಡುಕಲ್ಲಿನ ಹಾಗಿದ್ದಾರೆ. ಅಪ್ಪ ಇರೋವಾಗ ಮೀಸೆ ತೆಗೀತಾರೇನ್ರೀ?”

“ನಾನು ವಿಜ್ಞಾನಿ. ಇದು ಕೂದಲು. ಮತ್ತೆ ಬೆಳೆಯತ್ತೆ.”

“ನೋಡಿದವರು ಏನಂದ್ಕೋತಾರೆ?”

“ನೈರೋಬೀಲಿ ಯಾರು ನನ್ನ ಮೀಸೆ ಲೆಕ್ಕ ಇಟ್ಟಿದ್ದಾರೆ?”

ಭಾನುವಾರ ಮೀಸೆ ಹೋಯಿತು. ಮಾಸ್ಕ್ ಮುಖಕ್ಕೆ ಅಂಟಿ ಕೂತಿತು. ತೊಟ್ಟಿಯೊಳಗೆ ಒಂದು ಹನಿ ನೀರೂ ಒಳಬರಲಿಲ್ಲ. ಉದಯ ತೊಟ್ಟಿಯ ತಳವನ್ನು, ಅಲ್ಲಿ ಬಿದ್ದಿದ್ದ ಸೋಪಿನ ಚೂರನ್ನು ಬಹಳ ಹೊತ್ತು ವೀಕ್ಷಿಸಿದ.

ಸೋಮವಾರ ಕಚೇರಿಯ ಗೇಟಿನಲ್ಲಿ ಕಾವಲಿನವನು ಅವನನ್ನು ನೋಡಿ ಟೋಪಿ ತೆಗೆದ. “ಪೋಲೆ ಸಾನಾ, ಬ್ವಾನಾ.” ಅಯ್ಯೋ ಪಾಪ ಎನ್ನುವ ಮಾತು ಅದು; ನೈರೋಬಿಯಲ್ಲಿ ಕಾಲು ಎಡವಿದರೂ ಪೋಲೆ, ಮನೆ ಬಿದ್ದರೂ ಪೋಲೆ. ನೆಗಡಿಗೆ ಹೇಳಿದ್ದೆಂದುಕೊಂಡು ಉದಯ ಅಸಾಂಟೆ ಎಂದು ಧನ್ಯವಾದ ಹೇಳಿ ಮುಂದೆ ಹೋದ. ಲಿಫ್ಟಿನಲ್ಲಿ ಸಿಬ್ಬಂದಿ ವಿಭಾಗದ ಲೊರೆಟ್ಟಾ ಇದ್ದಳು. ಮಂಗಳೂರಿನವಳು, ಸದಾ ಮಾತಿನವಳು. ಅವನ ಬೋಳು ತಲೆ, ಬೋಳು ತುಟಿ, ಕೆಂಪು ಕಣ್ಣು ನೋಡಿ ಅವಳ ಮಾತು ನಿಂತುಹೋಯಿತು.

“ರಜೆಯಲ್ಲಿ ಇದ್ರಿ ಅಂತ ಗೊತ್ತಿತ್ತು ಸರ್. ಹೀಗಂತ ಗೊತ್ತಿರ್ಲಿಲ್ಲ,” ಎಂದಷ್ಟೇ ಹೇಳಿ ಅವನ ಕೈ ಮುಟ್ಟಿ ಇಳಿದುಹೋದಳು.

ಆ ದಿನ ಉದಯ ಕಂಡ ಗೌರವವನ್ನು ಇಷ್ಟು ವರ್ಷಗಳ ನೌಕರಿಯಲ್ಲಿ ಕಂಡಿರಲಿಲ್ಲ. ಅವನು ಮಂಡಿಸಿದ ವರದಿಗೆ ಒಬ್ಬರೂ ತಕರಾರು ತೆಗೆಯಲಿಲ್ಲ. ಕ್ಯಾಂಟೀನಿನಲ್ಲಿ ಎದ್ದು ಜಾಗ ಕೊಟ್ಟರು. ಅವನು ಹತ್ತಿರ ಬಂದರೆ ನಗು ತಗ್ಗುತ್ತಿತ್ತು. ನಿರ್ದೇಶಕಿ ವಂಜಿರು ಸ್ವತಃ ಬಾಗಿಲು ಹಿಡಿದು ನಿಂತಳು. ಉದಯ ಇದನ್ನೆಲ್ಲ ತೂಗಿ ನೋಡಿ, ಮೀಸೆಯ ಹಿಂದೆ ಇಷ್ಟು ದಿನ ಅಡಗಿದ್ದ ತನ್ನ ಗಂಭೀರ ಮುಖಮುದ್ರೆ ಈಗ ಹೊರಬಂದಿದೆ ಎಂಬ ತೀರ್ಮಾನಕ್ಕೆ ಬಂದ. ಮನೆಗೆ ಬಂದು ಹೇಳಿಯೂ ಹೇಳಿದ.

“ಪರ್ಸನಾಲಿಟಿ ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು ಕುಮುದಾ.”

“ಸರಿ, ಬಜ್ಜಿ ಕರೀತಿದ್ದೀನಿ. ಕೈಕಾಲು ತೊಳೆದು ಬನ್ನಿ.”

ಬಜ್ಜಿ ಬರುವವರೆಗೆ ಅಭ್ಯಾಸವಾಗಲಿ ಎಂದು ಉದಯ ಹಾಲ್‌ನಲ್ಲಿ ಮಾಸ್ಕ್ ಏರಿಸಿ, ಕೊಳವೆ ಕಚ್ಚಿ, ಕಾಲಿಗೆ ರೆಕ್ಕೆ ಹಾಕಿ, ಸ್ಟೂಲಿನ ಮೇಲೆ ಬೋರಲಾಗಿ ಮಲಗಿ ಕಾಲು ಬಡಿಯತೊಡಗಿದ. ಆಗ ಕರೆಗಂಟೆ ಸದ್ದಾಯಿತು. ಕನ್ನಡ ಸಂಘದ ಅಧ್ಯಕ್ಷೆ ಪ್ರಿಯಂವದಾ ಬಂದಿದ್ದರು. ಬಿಳಿ ಸೀರೆ, ಕೈಯಲ್ಲಿ ದೊಡ್ಡ ಊಟದ ಕ್ಯಾರಿಯರ್.

“ಅನ್ನ, ಸಾರು. ಒಗ್ಗರಣೆ ಹಾಕಿಲ್ಲ,” ಎಂದು ಕ್ಯಾರಿಯರನ್ನು ಕುಮುದಾಳ ಕೈಗಿಟ್ಟು ಒಳಗೆ ಕಾಲಿಟ್ಟವರು ಮೂಗರಳಿಸಿ ನಿಂತರು. “ಒಲೆ ಹಚ್ಚಿದ್ದೀಯೇನಮ್ಮಾ?”

“ಮೆಣಸಿನಕಾಯಿ ಬಜ್ಜಿ ಮಾಡ್ತಿದ್ದೆ. ಬನ್ನಿ, ಬಿಸಿಬಿಸಿ ತಿನ್ನಿ.”

“ಬಜ್ಜಿ,” ಎಂದರು ಪ್ರಿಯಂವದಾ. ಅಷ್ಟರಲ್ಲಿ ಅವರಿಗೆ ಹಾಲ್‌ನಲ್ಲಿ ಈಜುತ್ತಿದ್ದ ಉದಯ ಕಂಡ. ಅವರು ದನಿ ತಗ್ಗಿಸಿದರು. “ಯಾವಾಗಿಂದ ಹೀಗಿದ್ದಾರೆ?”

“ಒಂದು ವಾರದಿಂದ. ದಿನಾ ಸಂಜೆ ಇದೇ. ಆಗಸ್ಟಲ್ಲಿ ಸಮುದ್ರಕ್ಕೆ ಇಳೀಬೇಕಲ್ಲ.”

“ಅಸ್ಥಿ ಬಿಡೋಕೆ ಸಮುದ್ರದೊಳಕ್ಕೇ ಇಳೀಬೇಕಾ? ದಡದಲ್ಲಿ ನಿಂತು ಬಿಟ್ರೆ ಆಗಲ್ವಾ?”

“ಯಾರ ಅಸ್ಥಿ?”

“ನಿಮ್ಮ ಮಾವನವರದ್ದು.”

ಸ್ಟೂಲಿನ ಮೇಲೆ ಬಡಿಯುತ್ತಿದ್ದ ಕಾಲುಗಳು ನಿಂತವು. ಉದಯ ಏನೋ ಹೇಳಿದ. ಕೊಳವೆಯಿಂದ ಶಂಖದಂಥ ಸದ್ದು ಮಾತ್ರ ಹೊರಬಂತು.

“ಬೆಳಿಗ್ಗೆ ತಾನೇ ಫೋನಲ್ಲಿ ಮಾವನವರ ಹತ್ರ ಬೈಸಿಕೊಂಡೆ,” ಎಂದಳು ಕುಮುದಾ. “ಹುಣಸೆ ತೊಕ್ಕು ಕಳಿಸಿದ್ದು ಸಪ್ಪೆಯಂತೆ. ಅವರು ಹೋಗಿದಾರೆ ಅಂತ ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. ಲೊರೆಟ್ಟಾ ನೋಡಿದ್ದಳು. ಊರಿನಲ್ಲಿ ಪಕ್ಕದ ಮನೆಯ ಭಟ್ಟರು ತಂದೆ ತೀರಿದಾಗ ಹೀಗೇ ತಲೆ, ಮೀಸೆ ಬೋಳಿಸಿಕೊಂಡದ್ದು ಅವಳಿಗೆ ನೆನಪಿತ್ತು. ತಂದೆಯ ಕೊನೆಗಾಲಕ್ಕೆ ಹತ್ತಿರ ಇರಲಾಗದೆ, ಊರಿಗೂ ಹೋಗಲಾಗದೆ, ಎರಡು ದಿನ ರಜ ಹಾಕಿ ಇಲ್ಲೇ ಕರ್ಮ ಮುಗಿಸಿ, ಯಾರಿಗೂ ಹೇಳದೆ ಕೆಲಸಕ್ಕೆ ಬಂದಿದ್ದಾರೆ ಪಾಪ ಎಂದು ಅವಳು ಕಣ್ಣೀರು ತುಂಬಿಕೊಂಡು ನಿರ್ದೇಶಕಿಗೆ ಹೇಳಿದ್ದಳು. ಪ್ರಿಯಂವದಾಗೂ ಹೇಳಿದ್ದಳು. ಪ್ರಿಯಂವದಾ ಸಂಘದ ವಾಟ್ಸಾಪ್ ಗುಂಪಿಗೆ ಹೇಳಿದ್ದರು. ಹೇಳಿಕೊಳ್ಳದವರನ್ನು ಕೆದಕಿ ಕೇಳಬಾರದು ಎಂಬ ಸೌಜನ್ಯ ಎಲ್ಲರಿಗೂ ಇದ್ದದ್ದರಿಂದ ಒಬ್ಬರೂ ಉದಯನನ್ನು ಕೇಳಿರಲಿಲ್ಲ.

ಪ್ರಿಯಂವದಾ ಕುಮುದಾ ತಂದಿಟ್ಟ ಕಾಫಿಯನ್ನು ಮುಟ್ಟದೆ ಎದ್ದರು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು, ಬದುಕಿರುವವರ ಮನೆಯಿಂದ ಹೊರಡುವಾಗ ಅನ್ನದೆ ಇರಬಾರದು. ಯಾವುದೆಂದು ತೀರ್ಮಾನವಾಗದೆ ಅವರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ಎರಡು ಬಜ್ಜಿ ತಿಂದು ಹೋದರು.

ಉದಯ ಮಾಸ್ಕ್ ಕಳಚಿ ಫೋನ್ ನೋಡಿದ. ವಂಜಿರುವಿನ ಸಂದೇಶ ಬಂದಿತ್ತು. ಈ ದುಃಖದ ಹೊತ್ತಿನಲ್ಲಿ ನಿಮ್ಮನ್ನು ಕೆರಿಬಿಯನ್ನಿಗೆ ಕಳಿಸುವಷ್ಟು ನಿರ್ದಯಿಗಳು ನಾವಲ್ಲ. ನಿಮ್ಮ ಬದಲು ಲೊರೆಟ್ಟಾ ಹೋಗುತ್ತಾಳೆ. ಹೆಸರು ಬದಲಾಯಿಸಿ ಆಗಿದೆ.

ಮರುದಿನ ಬೆಳಿಗ್ಗೆ ಅವನು ನಿರ್ದೇಶಕಿಯ ಕೋಣೆಯಲ್ಲಿ ನಿಂತು ತನ್ನ ತಂದೆ ಬದುಕಿದ್ದಾರೆ ಎಂದು ತಿಳಿಸಿದ. ವಂಜಿರು ಅವನನ್ನು ಅನುಕಂಪದಿಂದ ನೋಡಿ, ತನ್ನ ಅಜ್ಜಿ ತೀರಿದಾಗ ತನಗೂ ಹೀಗೇ ಅನ್ನಿಸುತ್ತಿತ್ತು ಎಂದಳು. ಬೇರೆ ದಾರಿಯಿಲ್ಲದೆ ಉದಯ ಮೈಸೂರಿಗೆ ವಿಡಿಯೋ ಕರೆ ಮಾಡಿ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದ. ತಂಗಿ ಮೈಥಿಲಿಯ ಮನೆಯ ಸೋಫಾದಲ್ಲಿ ಅವನ ತಂದೆ, ನಿವೃತ್ತ ಜಿಲ್ಲಾ ನ್ಯಾಯಾಧೀಶ ಅನಂತರಾಯರು ಪ್ರತ್ಯಕ್ಷರಾದರು. ಅವರದೂ ಮೀಸೆ, ಇನ್ನೂ ದಟ್ಟ. ಮಗನ ಮುಖವನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಯಾರು ಹೋದರು?”

“ಯಾರೂ ಇಲ್ಲಪ್ಪ.”

“ಹಾಗಿದ್ರೆ ನಾನೇ ಇರಬೇಕು. ನನಗೆ ಯಾರೂ ತಿಳಿಸಲೇ ಇಲ್ಲ.”

“ಅಪ್ಪಾ, ಮೀನು ನೋಡೋಕೆ ಅಂತ—”

“ಮೀನಿಗೋಸ್ಕರ ಮೀಸೆ ತೆಗೆದೆ.”

“ಹವಳ ಅಪ್ಪಾ, ಮುಖ್ಯವಾಗಿ ಹವಳ.”

ಅನಂತರಾಯರು ಅವನನ್ನು ಬಿಟ್ಟು ವಂಜಿರುವಿನ ಕಡೆ ತಿರುಗಿ ಇಂಗ್ಲಿಷಿಗೆ ಹೊರಳಿದರು. ನಡೆದದ್ದನ್ನು ಅವಳ ಬಾಯಿಂದ ಪೂರ್ತಿ ಕೇಳಿ, ಒಂದೆರಡು ಪ್ರಶ್ನೆ ಹಾಕಿ, ಕೋರ್ಟಿನಲ್ಲಿ ಕೂತ ದನಿಯಲ್ಲಿ ಹೇಳಿದರು: “ಮೇಡಂ, ನಾನು ಬದುಕಿದ್ದೇನೆ. ಆದರೂ ನಿಮ್ಮ ಆದೇಶದಲ್ಲಿ ತಪ್ಪು ಕಾಣುವುದಿಲ್ಲ. ಸಾಕ್ಷ್ಯ ಬಲವಾಗಿತ್ತು.”

ಕರೆ ಮುಗಿದ ಮೇಲೆ ವಂಜಿರು ನಿಧಾನವಾಗಿ ವಿವರಿಸಿದಳು. ನಿನ್ನೆ ಸಂಜೆಯ ಆನ್‌ಲೈನ್ ಸಭೆಯಲ್ಲಿ ಎಲ್ಲ ದೇಶಗಳ ಕಚೇರಿಗಳೂ ಅವನ ತಂದೆಯ ಗೌರವಾರ್ಥ ಎದ್ದು ನಿಂತು ಮೌನ ಆಚರಿಸಿದ್ದವು. ಮುಖ್ಯ ಕಚೇರಿಯ ಮುಖ್ಯಸ್ಥರು ಬೆನ್ನುನೋವಿದ್ದರೂ ನಿಂತಿದ್ದರು. “ಅದೇ ಜನರ ಎದುರಿಗೆ ನೀವು ಆಗಸ್ಟಿನಲ್ಲಿ ಈಜುಡುಗೆ ತೊಟ್ಟು ಕ್ಯಾಟಮರಾನ್ ಹತ್ತಿದರೆ, ನಾನು ಏನು ಹೇಳಲಿ ಮಿಸ್ಟರ್ ಉದಯ? ಅವರು ಸತ್ತದ್ದು ಸುಳ್ಳು ಎನ್ನಲೇ, ನಿಮಗೆ ದುಃಖವಾದದ್ದು ಸುಳ್ಳು ಎನ್ನಲೇ?”

ಎರಡೂ ಸುಳ್ಳೇ ಆಗಿದ್ದವು. ಉದಯ ಮೇಜಿನ ಮೇಲಿನ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಬಂದ.

ಕುಮುದಾಳ ಟಿಕೆಟ್ ಮಾತ್ರ ಅವಳದೇ. ಅದನ್ನು ರದ್ದು ಮಾಡುವ ಅಧಿಕಾರ ಯಾವ ಕಚೇರಿಗೂ ಇರಲಿಲ್ಲ. ಆ ಹಡಗೂ ದಿನದಿನವೂ ಪ್ರವಾಸಿಗಳನ್ನು ಕರೆದೊಯ್ಯುವಂಥದು, ಸಭೆಯವರಿಗಷ್ಟೇ ಮೀಸಲಲ್ಲ.

“ನಾನೊಬ್ಬಳೇ ಹೋಗ್ಲಾ?” ಎಂದು ಅವಳು ಒಂದೇ ಸಲ ಕೇಳಿದಳು. ಉದಯ ರಬ್ಬರಿನ ರೆಕ್ಕೆಗಳನ್ನು ತಾನೇ ಒರೆಸಿ ಅವಳ ಪೆಟ್ಟಿಗೆಯೊಳಗೆ ಇಟ್ಟ. ಮಾಸ್ಕನ್ನೂ ಇಟ್ಟ. ಅವಳ ಮುಖಕ್ಕೆ ಅದು ಮೊದಲ ಸಲಕ್ಕೇ ಸರಿಯಾಗಿ ಕೂತಿತು. ಮರಳಿನ ಮೇಲೆ ಕೂರುವವಳಿಗೆ ಇದೆಲ್ಲ ಯಾಕೆ ಎಂದು ಅವಳು ಕೇಳಲಿಲ್ಲ.

ಆಗಸ್ಟಿನ ಆ ದಿನ ನೈರೋಬಿಯಲ್ಲಿ ಚಳಿ. ಸಂಜೆ ಉದಯ ಸ್ವೆಟರ್ ಹಾಕಿ ಸೋಫಾದಲ್ಲಿ ಕೂತಿದ್ದಾಗ ಕರೆ ಬಂತು. ಅಲ್ಲಿ ನಡುಹಗಲು. ಕುಮುದಾಳ ಕೂದಲಿನಿಂದ ನೀರು ಸೋರುತ್ತಿತ್ತು, ಹಣೆಯ ಮೇಲೆ ಮಾಸ್ಕಿನ ಅಂಚು ಒತ್ತಿದ ಗೆರೆ, ಹಿಂದೆ ಗಾಳಿ ತುಂಬಿದ ಬಿಳಿ ಹಾಯಿ. ಅವಳನ್ನು ಅಷ್ಟು ಖುಷಿಯಾಗಿ ಅವನು ಇತ್ತೀಚೆಗೆ ನೋಡಿರಲಿಲ್ಲ.

“ಇಳಿದ್ಯಾ?”

“ಇಳಿದೆ. ಮೇಲೆ ಹತ್ತಿಸೋಕೆ ಇಬ್ಬರು ಬೇಕಾಯ್ತು. ನಾನು ಬರಲ್ಲ ಅಂತಿದ್ದೆ.”

ಉದಯ ಮುಂದಕ್ಕೆ ಬಾಗಿದ. “ಹವಳ ಎಷ್ಟು ಭಾಗ ಬೆಳ್ಳಗಾಗಿತ್ತು? ಕವಲು ಹವಳ ಇತ್ತಾ, ಗುಂಡನೇದಾ? ಗಿಳಿಮೀನು ಗುಂಪಲ್ಲಿದ್ವಾ, ಒಂಟಿಯಾಗಾ? ಎಣಿಸಿದ್ಯಾ?”

“ಇಲ್ಲ.”

“ಗಣಿತದ ಟೀಚರ್ ನೀನು. ಎಣಿಸಬಾರದಾ?”

“ನೋಡ್ತಾ ಇದ್ದೆ ರೀ,” ಎಂದಳು ಕುಮುದಾ. “ನೋಡ್ತಾ ಇರೋವಾಗ ಎಣಿಸೋಕೆ ಆಗಲ್ಲ.”

ಫೋನಿನೊಳಗಿಂದ ಗಾಳಿಯ ಸದ್ದು, ಯಾರೋ ನಗುವ ಸದ್ದು ಕೇಳುತ್ತಿತ್ತು.

“ಒಂದು ಸಲನಾದ್ರೂ ನನ್ನ ನೆನಪಾಯ್ತಾ?”

“ಆಯ್ತು. ಮರಳಿನ ಹತ್ರ ಒಂದು ಹಳದಿ ಮೀನು ಬಂತು. ಎಷ್ಟು ಹೊತ್ತು ನನ್ನ ಜೊತೇಲೇ ಇತ್ತು.”

“ಅದಕ್ಕೂ ನನಗೂ ಏನು ಸಂಬಂಧ?”

“ಅದಕ್ಕೆ ಮೀಸೆ ಇತ್ತು,” ಎಂದಳು ಕುಮುದಾ. “ಆರಾಮವಾಗಿ ಓಡಾಡ್ಕೊಂಡಿತ್ತು.”