ಬೀಗದಣ್ಣನ ನಂಬರು

ಬೀಗದಣ್ಣ ತನ್ನ ಸಿಮ್ಮನ್ನು ತಾನೇ ಕಸಕ್ಕೆ ಹಾಕಿದ್ದ. ಕಳ್ಳರು ಫೋನ್ ಕದ್ದರೂ ನಂಬರು ದಕ್ಕಬಾರದೆಂದು ಅಂಗಡಿಯಿಂದ ಹೊರಗೆ ಹೋಗುವಾಗಲೆಲ್ಲ ಸಿಮ್ ಬಿಚ್ಚಿ, ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಡುವುದು ಅವನ ಜಾಣತನ. ಮೇಜಿನ ಮೇಲೆ ಒಂದು ಚೂರು ಕಾಗದವೂ ಉಳಿಯದಂತೆ ಗುಡಿಸುವುದೂ ಅವನ ಜಾಣತನವೇ. ಅಂದು ಬೆಳಿಗ್ಗೆ ಎರಡೂ ಜಾಣತನಗಳು ಡಿಕ್ಕಿ ಹೊಡೆದವು.

ಊರಲ್ಲಿ ಯಾರ ಬೀಗದ ಕೈ ಕಳೆದರೂ ಕರೆ ಬರುತ್ತಿದ್ದುದು ಆ ನಂಬರಿಗೆ. ಅದು ಹೋದರೆ ಅನ್ನವೇ ಹೋದಂತೆ. ಆದರೂ ಎದೆಯುಬ್ಬಿಸಿಕೊಂಡೇ ಫೋನ್ ಕಂಪನಿಯ ಅಂಗಡಿಗೆ ಹೊರಟ. “ನಿಂಗೇನ್ ಗೊತ್ತಾಗತ್ತೆ, ನಾನೂ ಬರ್ತೀನಿ ನಡಿ,” ಎಂದು ಪಕ್ಕದಂಗಡಿಯ ದರ್ಜಿ ಕರೆಯದೆಯೇ ಬೆನ್ನು ಹತ್ತಿದ.

“ತಾಯಿ ಹೆಸರು ಹೇಳಿ ಸರ್,” ಎಂದಳು ಕೌಂಟರಿನ ಹುಡುಗಿ.

ದರ್ಜಿ ಅಂಗಡಿಗೆಲ್ಲ ಕೇಳುವಂತೆ ಹೇಳಿದ. ಜೊತೆಗೆ ಹುಟ್ಟಿದ ದಿನವನ್ನೂ ಸೇರಿಸಿದ.

“ಎರಡೂ ತಪ್ಪು.”

“ತಪ್ಪೇ ಇರ್ಬೇಕಮ್ಮಾ!” ಬೀಗದಣ್ಣ ಮೀಸೆ ತಿರುವಿದ. “ನಿಜ ಈ ದರ್ಜಿಗೂ ಗೊತ್ತು. ಅದ್ಕೇ ಸುಳ್ಳು ಬರೆಸಿದ್ದೆ.”

“ಹಾಗಾದ್ರೆ ಆ ಸುಳ್ಳನ್ನೇ ಹೇಳಿ.”

ಆ ಸುಳ್ಳು ಬೀಗದಣ್ಣನಿಗೇ ಮರೆತುಹೋಗಿತ್ತು. ಅಂದಾಜಿನ ಮೇಲೆ ಒಂದೊಂದೇ ಹೆಸರು ಹೇಳತೊಡಗಿದ. ಸಾಲಿನಲ್ಲಿದ್ದ ಅಜ್ಜಿ, “ಎಷ್ಟು ಜನ ತಾಯಂದಿರಪ್ಪಾ ನಿಂಗೆ?” ಎಂದಳು.

“ಗುರುತಿನ ಚೀಟಿ ಇದೆಯಲ್ಲಮ್ಮ!” ಎಂದು ಬೀಗದಣ್ಣ ಚೀಟಿಯನ್ನು ಕೌಂಟರಿನ ಮೇಲಿಟ್ಟ.

“ಬರೀ ಚೀಟಿ ನೋಡಿ ಯಾರಿಗೂ ಕೊಡ್ಬೇಡಿ ಅಂತ ನೀವೇ ಬರೆಸಿದ್ದೀರ. ಇರಿ, ನಿಮ್ಮ ಮನೆಯವರು ಹೌದಂದ್ರೆ ಸಾಕು.” ಹುಡುಗಿ ಕನಿಕರಪಟ್ಟು ಅವನ ಹೆಂಡತಿಗೆ ಸ್ಪೀಕರಿನಲ್ಲಿ ಫೋನ್ ಹಚ್ಚಿ, ವಿಷಯ ತಿಳಿಸಿದಳು.

“ಲೇ, ನಾನು ಕಣೆ!”

“ಯಾವ ನಾನು? ನಾನು ನಾನು ಅಂದೋರನ್ನೆಲ್ಲ ನಂಬಬೇಡ ಅಂತ ನಮ್ಮನೆಯವರು ಹೇಳಿದ್ದಾರೆ.”

“ಹೇಳಿದೋನೇ ನಾನು!”

“ದನಿ ಚೆನ್ನಾಗೇ ಕಲ್ತಿದ್ದೀಯ.”

ಕೂಗಿದರೆ ಕೆಲಸ ಕೆಡುತ್ತದೆಂದು ಬೀಗದಣ್ಣ ಬೆಣ್ಣೆಯಾದ. “ದಯವಿಟ್ಟು ಹೌದು ಅನ್ನು, ನನ್ನ ಬಂಗಾರ. ನಿನ್ನಷ್ಟು ಬುದ್ಧಿ ಯಾರಿಗಿದೆ ಹೇಳು? ಇನ್ಮೇಲೆ ನೀನು ಹೇಳಿದ ಹಾಗೇ ಕೇಳ್ತೀನಿ.”

ಅತ್ತಲಿಂದ ಫೋನು ಒಡೆಯುವಂತೆ ಕೂಗು ಬಂತು: “ಮೇಡಂ, ಇವ್ನು ಖಂಡಿತ ಕಳ್ಳ! ನಮ್ಮನೆಯವರ ಬಾಯಲ್ಲಿ ಇಂಥ ಮಾತು ಹುಟ್ಟಿದ್ದೇ ಇಲ್ಲ. ಮೊದ್ಲು ಆ ನಂಬರ್ ಬಂದ್ ಮಾಡಿ!”

ನಂಬರು ಬಂದ್ ಆಯಿತು. “ನಿಮ್ಮಂಥ ಎಚ್ಚರದವರು ಮನೆಗೊಬ್ರು ಇರ್ಬೇಕು ಅಕ್ಕಾ,” ಎಂದು ಹುಡುಗಿ ಹೊಗಳಿದಳು.

ಬೀಗದಣ್ಣ ದಿಕ್ಕು ತೋಚದೆ ದರ್ಜಿಯ ಕಡೆ ತಿರುಗಿದ. ದರ್ಜಿ ಮೆಲ್ಲನೆ ಹಿಂದೆ ಸರಿದು, ಜೇಬಿನ ಮೇಲೆ ಕೈಯಿಟ್ಟುಕೊಂಡು ಕೇಳಿದ:

“ನಿಜ ಹೇಳಿ, ತಾವು ಯಾರು?”